ಇದನ್ನು ಇಲ್ಲಿಟ್ಟವರು ಯಾರು?

(ಆಧುನಿಕೋತ್ತರ ಕಲೆಯ ಬಗ್ಗೆ ಕಲಾ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಸೀದಾ ವಿಷಯಕ್ಕೆ ಬರುತ್ತೇನೆ.

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಫೆಡರಲ್ ಪ್ಲಾಜಾ ಅಂತ ಒಂದು ಜಾಗ ಇದೆ. ಸುತ್ತ ಸರ್ಕಾರಿ ಕಚೇರಿಗಳು, ಮಧ್ಯೆ ಬಯಲು. 1989ರ ಮಾರ್ಚ್ 15ರ ರಾತ್ರಿ ಅಲ್ಲಿಗೆ ಕೆಲಸಗಾರರು ಬಂದರು. ಬಯಲಿಗೆ ಅಡ್ಡಲಾಗಿ ನಿಂತಿದ್ದ ಉಕ್ಕಿನ ಗೋಡೆಯೊಂದನ್ನು ಕತ್ತರಿಸಿ, ಲಾರಿಗೆ ಹೇರಿಕೊಂಡು ಹೋದರು. 120 ಅಡಿ ಉದ್ದ, 12 ಅಡಿ ಎತ್ತರ, ಸ್ವಲ್ಪ ವಾಲಿಕೊಂಡು ಬಾಗಿ ನಿಂತ ಗೋಡೆ ಅದು. ಹೆಸರು ‘ಟಿಲ್ಟೆಡ್ ಆರ್ಕ್’. ರಿಚರ್ಡ್ ಸೆರಾ ಮಾಡಿದ ಶಿಲ್ಪ. ಅದನ್ನು ಮಾಡಿಸಿದ್ದೂ ಸರ್ಕಾರವೇ, ತೆಗೆಸಿದ್ದೂ ಸರ್ಕಾರವೇ.

1981ರಲ್ಲಿ ಅದನ್ನು ನಿಲ್ಲಿಸಿದ ದಿನದಿಂದಲೇ ಗಲಾಟೆ ಶುರುವಾಯಿತು. ಅಲ್ಲಿನ ನೌಕರರು ಬೆಳಿಗ್ಗೆ ಕಚೇರಿಗೆ ಬರುವಾಗ ಅದನ್ನು ಸುತ್ತಿ ಬರಬೇಕು. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದರೆ ಕಣ್ಣೆದುರಿಗೆ ತುಕ್ಕು ಬಣ್ಣದ ಗೋಡೆ. ಸಾವಿರಕ್ಕೂ ಜಾಸ್ತಿ ಜನ ಸಹಿ ಹಾಕಿ, ಇದನ್ನು ತೆಗೆಯಿರಿ ಅಂದರು. ಸೆರಾ ಅವರ ವಾದವೇ ಬೇರೆ. ನಡೆದು ಹೋಗುವವನಿಗೆ ತಾನು ನಡೆಯುತ್ತಿದ್ದೇನೆ, ಇದು ಇಂಥ ಜಾಗ ಅಂತ ಅರಿವಾಗಬೇಕು, ಅದಕ್ಕೇ ಆ ಗೋಡೆ ಅಲ್ಲಿರುವುದು. ಆ ಜಾಗಕ್ಕೆ ಅಂತಲೇ ಮಾಡಿದ್ದನ್ನು ಬೇರೆ ಕಡೆ ಸಾಗಿಸಿದರೆ ಅದು ಸತ್ತ ಹಾಗೆ.

1985ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಮಾತಾಡಿದವರಲ್ಲಿ 122 ಜನ ಶಿಲ್ಪ ಇರಲಿ ಅಂದರು, 58 ಜನ ಬೇಡ ಅಂದರು. ಸಂಖ್ಯೆ ನೋಡಿದರೆ ಶಿಲ್ಪ ಗೆದ್ದಿತ್ತು. ಆದರೆ ಇರಲಿ ಅಂದವರಲ್ಲಿ ಬಹಳ ಜನ ಕಲಾವಿದರು, ಕ್ಯುರೇಟರುಗಳು (ಅಂದರೆ ಪ್ರದರ್ಶನಗಳನ್ನು ರೂಪಿಸುವವರು), ಬರಹಗಾರರು. ಬೇಡ ಅಂದವರಲ್ಲಿ ಬಹಳ ಜನ ದಿನಾ ಅಲ್ಲಿ ಓಡಾಡುವವರು. ವಿಚಾರಣೆ ನಡೆಸಿದ ಸಮಿತಿ, ಶಿಲ್ಪವನ್ನು ತೆಗೆಯಬೇಕು ಅಂತ ತೀರ್ಮಾನಿಸಿತು. ಸೆರಾ ಕೋರ್ಟಿಗೆ ಹೋದರು, ಸೋತರು.

ಇಲ್ಲಿ ಯಾರು ಸರಿ ಅಂತ ನೀವು ಕೇಳಬಹುದು. ಸೆರಾ ದೊಡ್ಡ ಶಿಲ್ಪಿ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ರಾತ್ರೋರಾತ್ರಿ ಕಲಾಕೃತಿಯನ್ನು ಕತ್ತರಿಸಿ ಒಯ್ದದ್ದು ನನಗೆ ಸಂಕಟ ಕೊಡುವ ವಿಷಯ. ಆದರೂ ತಪ್ಪು ಆಗಿದ್ದು 1989ರಲ್ಲಿ ಅಲ್ಲ, ಹತ್ತು ವರ್ಷ ಮೊದಲು, ಈ ಕೆಲಸವನ್ನು ಅವರಿಗೆ ಒಪ್ಪಿಸಿದಾಗ. ಆಗ ಆ ಬಯಲಿನಲ್ಲಿ ನಡೆಯುವವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ. ಯಾಕೆ ಹೊಳೆಯಲಿಲ್ಲ ಅನ್ನುವಲ್ಲಿಂದಲೇ ಇವತ್ತಿನ ನನ್ನ ಮಾತು.

ಆಧುನಿಕ ಕಲೆ ಬಲವಾಗಿ ನೆಚ್ಚಿಕೊಂಡಿದ್ದ ಒಂದು ನಂಬಿಕೆ ಇತ್ತು. ಕಲೆ ತನ್ನ ದಾರಿ ಹಿಡಿದು ಮುಂದೆ ಹೋಗುತ್ತಿರುತ್ತದೆ, ಜನ ಇವತ್ತಲ್ಲ ನಾಳೆ ಹಿಂದೆ ಬರುತ್ತಾರೆ. ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ 1960ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ಒಂದು ಲೆಕ್ಕಾಚಾರವನ್ನೇ ಕೊಟ್ಟರು. ಪ್ರತಿಯೊಂದು ಕಲೆಯೂ ತನಗೆ ಮಾತ್ರ ಸೇರಿದ್ದನ್ನು ಇಟ್ಟುಕೊಂಡು ಉಳಿದಿದ್ದನ್ನು ಬಿಡಬೇಕು. ಕಥೆ ಸಾಹಿತ್ಯಕ್ಕೆ, ಉಬ್ಬುತಗ್ಗು ಶಿಲ್ಪಕ್ಕೆ. ಚಿತ್ರಕಲೆಗೆ ಉಳಿಯುವುದು ಸಪಾಟಾದ ಮೇಲ್ಮೈ ಮತ್ತು ಬಣ್ಣ. ಈ ದಾರಿಯಲ್ಲಿ ಅದ್ಭುತ ಚಿತ್ರಗಳು ಬಂದವು, ಇಲ್ಲ ಅನ್ನಲ್ಲ. ಆದರೆ ಆ ಚಿತ್ರಗಳಿಗೆ ಬಿಳಿ ಗೋಡೆ ಬೇಕಿತ್ತು, ಮೌನ ಬೇಕಿತ್ತು, ಪಳಗಿದ ಕಣ್ಣು ಬೇಕಿತ್ತು. ಬೀದಿಯ ಸದ್ದು ಒಳಗೆ ಬರುವ ಹಾಗಿರಲಿಲ್ಲ.

ಆ ಬಾಗಿಲು ತೆರೆದವರು ಹಲವರು. ಕಲಾವಿದ ಮಾರ್ಸೆಲ್ ದ್ಯುಶಾಂ 1917ರಷ್ಟು ಹಿಂದೆಯೇ ಮೂತ್ರದ ಪಿಂಗಾಣಿ ತೊಟ್ಟಿಯನ್ನು ಕಲಾಕೃತಿ ಅಂತ ಪ್ರದರ್ಶನಕ್ಕೆ ಕಳಿಸಿದ್ದರು. ಅದು ಎಲ್ಲರಿಗೂ ಗೊತ್ತಿರುವ ಕಥೆ, ಬಿಡಿ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1964ರ ಬ್ರಿಲ್ಲೊ ಡಬ್ಬಗಳು. ಬ್ರಿಲ್ಲೊ ಅಂದರೆ ಪಾತ್ರೆ ಉಜ್ಜುವ ನಾರು. ಅದು ಅಂಗಡಿಗೆ ಬರುತ್ತಿದ್ದ ರಟ್ಟಿನ ಡಬ್ಬ ಹೇಗಿತ್ತೋ ಹಾಗೇ ಕಾಣುವಂತೆ ಕಲಾವಿದ ಆಂಡಿ ವಾರ್ಹೋಲ್ ಪ್ಲೈವುಡ್ ಡಬ್ಬ ಮಾಡಿಸಿ, ಮೇಲೆ ಅಚ್ಚು ಹಾಕಿಸಿ, ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟರು. ಆರ್ಥರ್ ಡಾಂಟೊ ಎಂಬ ತತ್ವಶಾಸ್ತ್ರದ ಮೇಷ್ಟ್ರು ಅದನ್ನು ನೋಡಿ ತಲೆ ಕೆಡಿಸಿಕೊಂಡರು. ಅಂಗಡಿಯ ಡಬ್ಬಕ್ಕೂ ಗ್ಯಾಲರಿಯ ಡಬ್ಬಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ, ಇದು ಕಲೆ, ಅದು ಸರಕು ಅಂತ ಹೇಳುತ್ತಿರುವುದು ಯಾವುದು? ಕಣ್ಣಂತೂ ಅಲ್ಲ. ಹಾಗಾದರೆ ಗ್ಯಾಲರಿ, ವಿಮರ್ಶಕರು, ಕೊಳ್ಳುವವರು, ಕಲೆಯ ಇತಿಹಾಸ, ಈ ಇಡೀ ವ್ಯವಸ್ಥೆ ಸೇರಿ ಹೇಳುತ್ತಿರಬೇಕು.

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಬ್ರಿಲ್ಲೊ ಕಂಪನಿಗಾಗಿ ಅಸಲಿ ಡಬ್ಬದ ವಿನ್ಯಾಸ ಮಾಡಿದ್ದು ಜೇಮ್ಸ್ ಹಾರ್ವಿ. ಹೊಟ್ಟೆಪಾಡಿಗೆ ಜಾಹೀರಾತಿನ ಕೆಲಸ ಮಾಡುತ್ತಿದ್ದ ಅವರು ಉಳಿದ ಹೊತ್ತಿನಲ್ಲಿ ಕ್ಯಾನ್ವಾಸಿನ ಮೇಲೆ ಅಮೂರ್ತ ಚಿತ್ರ ಬರೆಯುತ್ತಿದ್ದರು. ಅವರ ಡಬ್ಬ ಜಗತ್ತಿಗೆಲ್ಲ ಗೊತ್ತಾಯಿತು. ಮರುವರ್ಷವೇ ತೀರಿಕೊಂಡ ಅವರ ಹೆಸರು ಕಲೆಯ ಪಾಠದಲ್ಲಿ ಅಪರೂಪಕ್ಕೂ ಬರುವುದಿಲ್ಲ. ದಯವಿಟ್ಟು ಈ ಹೆಸರು ನೆನಪಿಟ್ಟುಕೊಳ್ಳಿ.

ಆಧುನಿಕೋತ್ತರ ಅನ್ನುವ ಮಾತು ಜೋರಾಗಿ ಕೇಳತೊಡಗಿದ್ದು 1970ರ ದಶಕದಲ್ಲಿ, ಮೊದಲು ಕಟ್ಟಡಗಳ ಬಗ್ಗೆ, ಆಮೇಲೆ ಎಲ್ಲದರ ಬಗ್ಗೆ. ಫ್ರಾನ್ಸಿನ ತತ್ವಜ್ಞಾನಿ ಲ್ಯೋತಾರ್ 1979ರಲ್ಲಿ, ಜಗತ್ತನ್ನೆಲ್ಲ ಒಂದೇ ಸೂತ್ರದಲ್ಲಿ ಹೇಳಿಬಿಡುವ ದೊಡ್ಡ ಕಥೆಗಳ ಮೇಲೆ ಜನರಿಗೆ ನಂಬಿಕೆ ಹೋಗಿದೆ ಅಂತ ಬರೆದರು. ಈ ಸಿದ್ಧಾಂತದ ಚರ್ಚೆಯಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕಲೆಯ ಮಟ್ಟಿಗೆ ಆದ ಬದಲಾವಣೆ ಬಹಳ ಸರಳ. ಮೊದಲು ನೋಡುಗ ಕೇಳುತ್ತಿದ್ದುದು ‘ಇದು ಏನು, ಚೆನ್ನಾಗಿದೆಯಾ’ ಅಂತ. ಈಗ ಇನ್ನೂ ಕೆಲವು ಪ್ರಶ್ನೆ ಸೇರಿಕೊಂಡವು. ಇದನ್ನು ಇಲ್ಲಿಟ್ಟವರು ಯಾರು? ಯಾರ ದುಡ್ಡು? ಯಾರ ಕಥೆ? ಯಾರು ಕಾಣಿಸುತ್ತಿಲ್ಲ? ಕಲಾವಿದರೇ ಇವನ್ನು ತಮ್ಮ ಕೃತಿಯ ಒಳಗೆ ತಂದರು. ನನ್ನ ಪ್ರಕಾರ ಆಧುನಿಕೋತ್ತರ ಕಲೆ ಸಮಾಜಕ್ಕೆ ಕೊಟ್ಟ ನಿಜವಾದ ಆಸ್ತಿ ಇದೇ. ಶೈಲಿಗಳ ಬೆರಕೆ, ತಮಾಷೆ, ಅಣಕ ಇವೆಲ್ಲ ಅದರ ಮೇಲಿನ ಅಲಂಕಾರ.

ಮಾತು ಗಾಳಿಯಲ್ಲಿ ತೇಲುವುದು ಬೇಡ. ಒಂದು ಕೃತಿಯನ್ನು ಹತ್ತಿರದಿಂದ ನೋಡೋಣ.

‘ಟಿಲ್ಟೆಡ್ ಆರ್ಕ್’ ನಿಂತ ವರ್ಷವೇ, 1981ರಲ್ಲಿ, ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಸೈನಿಕರ ಸ್ಮಾರಕಕ್ಕೆ ಸ್ಪರ್ಧೆ ನಡೆಯಿತು. 1,421 ವಿನ್ಯಾಸಗಳು ಬಂದವು. ಹೆಸರು ಮುಚ್ಚಿಟ್ಟು, ಬರೀ ನಂಬರ್ ನೋಡಿ ಆರಿಸಿದರು. ಗೆದ್ದಿದ್ದು 1026ನೇ ನಂಬರ್. ತೆರೆದು ನೋಡಿದರೆ ಮಾಯಾ ಲಿನ್, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ವಯಸ್ಸು 21, ಚೀನಾದಿಂದ ವಲಸೆ ಬಂದ ತಂದೆತಾಯಿಯ ಮಗಳು.

ಯುದ್ಧ ಸ್ಮಾರಕ ಅಂದರೆ ನಮ್ಮ ಕಣ್ಣಿಗೆ ಏನು ಬರುತ್ತದೆ? ಎತ್ತರದ ಪೀಠ, ಅದರ ಮೇಲೆ ಕತ್ತಿಯೋ ಬಂದೂಕೋ ಹಿಡಿದ ವೀರ, ಕೆಳಗೆ ನಾವು. ಅಲ್ವಾ? ಲಿನ್ ನೆಲವನ್ನೇ ಕೊಯ್ದರು. ಎರಡು ಗೋಡೆಗಳು, ಒಂದೊಂದೂ ಸುಮಾರು 75 ಮೀಟರ್ ಉದ್ದ, ಅಗಲವಾಗಿ ತೆರೆದ ಕೋನದಲ್ಲಿ ಕೂಡುತ್ತವೆ. ತುದಿಗಳಲ್ಲಿ ಗೋಡೆ ಪಾದದಷ್ಟು ಎತ್ತರ. ನಡೆಯುತ್ತಾ ಹೋದ ಹಾಗೆ ದಾರಿ ಇಳಿಯುತ್ತದೆ, ಗೋಡೆ ಬೆಳೆಯುತ್ತದೆ. ಕೂಡುವ ಜಾಗದಲ್ಲಿ ಹತ್ತು ಅಡಿ ಎತ್ತರ, ನಮ್ಮ ತಲೆಯನ್ನು ಮೀರಿ. ಮೇಲೆ ಕೆತ್ತಿರುವುದು ಬರೀ ಹೆಸರು, ಇವತ್ತಿಗೆ 58 ಸಾವಿರಕ್ಕೂ ಜಾಸ್ತಿ. ಅಕ್ಷರಕ್ರಮದಲ್ಲಿ ಇಲ್ಲ, ಪದವಿಯ ಪ್ರಕಾರವೂ ಇಲ್ಲ. ಸತ್ತ ದಿನದ ಕ್ರಮದಲ್ಲಿ ಇವೆ. ಹೀಗಾಗಿ ಒಂದೇ ದಿನ, ಒಂದೇ ಕಾಳಗದಲ್ಲಿ ಸತ್ತ ಗೆಳೆಯರು ಗೋಡೆಯ ಮೇಲೂ ಅಕ್ಕಪಕ್ಕ. ಮಗನ ಹೆಸರು ಹುಡುಕಿಕೊಂಡು ಬಂದ ತಾಯಿ ಆ ದಿನಾಂಕಕ್ಕೇ ಹೋಗಬೇಕು. ಮೊದಲ ಸಾವು ಮತ್ತು ಕೊನೆಯ ಸಾವು ಗೋಡೆಗಳು ಕೂಡುವ ಕೋನದಲ್ಲಿ ಎದುರುಬದುರು ಆಗುತ್ತವೆ.

ಆ ಕಪ್ಪು ಕಲ್ಲು ಕನ್ನಡಿಯ ಹಾಗೆ ಹೊಳೆಯುತ್ತದೆ. ಹೆಸರು ಓದುತ್ತಿದ್ದರೆ ಹೆಸರಿನ ಹಿಂದೆ ನಿಮ್ಮದೇ ಮುಖ ಕಾಣುತ್ತದೆ. ಆ ಹೊಳಪಿಗಾಗಿಯೇ ಕಲ್ಲನ್ನು ಆರಿಸಿದ್ದು. ಅದು ಹೋಗಿದ್ದು ಬೆಂಗಳೂರು ಕಡೆಯಿಂದ. ನಮ್ಮ ಕಡೆಯ ಕರಿ ಗ್ರಾನೈಟು ವರ್ಮಾಂಟಿನ ಬ್ಯಾರಿ ಊರಿನಲ್ಲಿ ಹಲಗೆಯಾಗಿ, ಟೆನೆಸಿಯ ಮೆಂಫಿಸ್‌ನಲ್ಲಿ ಅಕ್ಷರ ಕೆತ್ತಿಸಿಕೊಂಡು ವಾಷಿಂಗ್ಟನ್ ಸೇರಿತು. ಇಲ್ಲಿ ಕ್ವಾರಿಯಲ್ಲಿ ಆ ಕಲ್ಲು ಒಡೆದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಯಾರು ಕಾಣಿಸುತ್ತಿಲ್ಲ ಅಂತ ಕೇಳುವ ಅಭ್ಯಾಸವಾದರೆ ಪ್ರಶ್ನೆ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ಈ ಸ್ಮಾರಕಕ್ಕೂ ವಿರೋಧ ಬಂತು. ಕೆಲವು ಮಾಜಿ ಸೈನಿಕರು ಇದು ನಾಚಿಕೆಯ ಕಪ್ಪು ಗಾಯ ಅಂದರು. ರಾಜಿಯಾಗಿ ಹತ್ತಿರದಲ್ಲೇ ಮೂವರು ಸೈನಿಕರ ಕಂಚಿನ ವಿಗ್ರಹ ಬಂತು, 1984ರಲ್ಲಿ. ಯುದ್ಧದಲ್ಲಿ ಕೆಲಸ ಮಾಡಿದ ದಾದಿಯರು ‘ನಾವೆಲ್ಲಿ’ ಅಂತ ಕೇಳಿದರು. 1993ರಲ್ಲಿ ಮಹಿಳೆಯರ ಸ್ಮಾರಕವೂ ಬಂತು. ಆದರೆ ಜನ ಮನಸ್ಸು ಕೊಟ್ಟಿದ್ದು ಲಿನ್ ಅವರ ಗೋಡೆಗೆ. ಕಾಗದವನ್ನು ಹೆಸರಿನ ಮೇಲಿಟ್ಟು ಪೆನ್ಸಿಲಿನಲ್ಲಿ ಉಜ್ಜಿ ಆ ಅಚ್ಚನ್ನು ಮನೆಗೆ ಒಯ್ಯುತ್ತಾರೆ. ಬೂಟು, ಪದಕ, ಪತ್ರ, ಫೋಟೋ ತಂದು ಬುಡದಲ್ಲಿಟ್ಟು ಹೋಗುತ್ತಾರೆ. ಅವನ್ನೆಲ್ಲ ಅಲ್ಲಿನ ಉದ್ಯಾನ ಇಲಾಖೆ ಎತ್ತಿ ಜೋಪಾನ ಮಾಡುತ್ತದೆ. ಹೀಗೆ ಸೇರಿದ ವಸ್ತುಗಳು ಈಗ ಲಕ್ಷಗಟ್ಟಲೆ ಇವೆ. ಯಾರೂ ಹೇಳಿಕೊಡದೆ ಜನರೇ ಕೃತಿಯನ್ನು ಮುಂದುವರಿಸಿದರು. ಸೆರಾ ಅವರ ಗೋಡೆ ಜನರಿಗೆ ಅಡ್ಡ ನಿಂತಿತು, ಲಿನ್ ಅವರ ಗೋಡೆ ಜನರಿಗೆ ಜಾಗ ಬಿಟ್ಟಿತು. ಎರಡೂ ಅಲಂಕಾರವಿಲ್ಲದ, ಬೋಳು ಆಕಾರಗಳೇ. ಹಾಗಾಗಿ ಜನರಿಗೆ ಅಮೂರ್ತ ಕಲೆ ಅರ್ಥವಾಗಲ್ಲ ಅನ್ನುವ ಹಳೇ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಅಲ್ಲಿಗೂ ನಿಲ್ಲಲಿಲ್ಲ. 1991ರಲ್ಲಿ ಅಮೆರಿಕದ ಕಲಾವಿದ ಕ್ರಿಸ್ ಬರ್ಡನ್ ‘ಇನ್ನೊಂದು ವಿಯೆಟ್ನಾಂ ಸ್ಮಾರಕ’ ಅಂತ ಒಂದು ಕೃತಿ ಮಾಡಿದರು. ಆ ಯುದ್ಧದಲ್ಲಿ ಸತ್ತ ವಿಯೆಟ್ನಾಮಿನವರಿಗಾಗಿ, ದೊಡ್ಡ ತಾಮ್ರದ ಹಾಳೆಗಳ ಮೇಲೆ 30 ಲಕ್ಷ ಹೆಸರು. ನಿಜವಾದ ಪಟ್ಟಿ ಅವರಿಗೆ ಸಿಗಲಿಲ್ಲ. ವಿಯೆಟ್ನಾಮಿನ ಟೆಲಿಫೋನ್ ಪುಸ್ತಕಗಳಿಂದ ಹೆಸರು ತೆಗೆದು, ಅವನ್ನೇ ಹಿಂದೆಮುಂದೆ ಜೋಡಿಸಿ ಅಷ್ಟು ಹೆಸರು ಹುಟ್ಟಿಸಿದರು. ಅಮೆರಿಕದ ಸೈನಿಕನಿಗೆ ಅವನದೇ ಹೆಸರು, ಸತ್ತ ದಿನದ ಸಮೇತ. ಆ ಕಡೆಯವರಿಗೆ ಜೋಡಿಸಿದ ಹೆಸರು. ಈ ಅಂತರವೇ ಆ ಕೃತಿ. ನನಗೆ ಇದನ್ನು ಓದಿ ಬಹಳ ದಿನ ಮನಸ್ಸು ಸರಿ ಇರಲಿಲ್ಲ.

ಈಗ ಮ್ಯೂಸಿಯಂ ಒಳಗೆ ಹೋಗೋಣ. 1971ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಕಲಾವಿದ ಹಾನ್ಸ್ ಹಾಕೆ ಅವರ ಪ್ರದರ್ಶನವನ್ನು ಶುರುವಾಗುವ ಮೊದಲೇ ರದ್ದು ಮಾಡಿತು. ಊರಿನ ಬಡ ಬಡಾವಣೆಗಳ ಕಟ್ಟಡಗಳ ಫೋಟೋ, ಅವು ಯಾರ ಹೆಸರಲ್ಲಿವೆ, ಯಾವ ಕಂಪನಿಯಿಂದ ಯಾವ ಕಂಪನಿಗೆ ಕೈ ಬದಲಾದವು ಅನ್ನುವ ಸರ್ಕಾರಿ ದಾಖಲೆ, ಅಷ್ಟೇ ಅವರ ಕೃತಿ. ಎಲ್ಲ ಸಾರ್ವಜನಿಕ ಮಾಹಿತಿ. ಆದರೂ ಗೋಡೆಗೆ ಹಾಕಲು ಬಿಡಲಿಲ್ಲ. ಪರವಾಗಿ ನಿಂತ ಕ್ಯುರೇಟರ್ ಎಡ್ವರ್ಡ್ ಫ್ರೈ ಕೆಲಸ ಕಳೆದುಕೊಂಡರು. 1989ರಲ್ಲಿ ‘ಗೆರಿಲ್ಲಾ ಗರ್ಲ್ಸ್’ ಎಂಬ ಕಲಾವಿದೆಯರ ಗುಂಪು, ಗೊರಿಲ್ಲಾ ಮುಖವಾಡ ಹಾಕಿಕೊಂಡು ಹೆಸರು ಹೇಳದೆ ಕೆಲಸ ಮಾಡುವವರು, ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಹೋಗಿ ಎಣಿಸಿದರು. ಆಧುನಿಕ ಕಲೆಯ ವಿಭಾಗದ ಕಲಾವಿದರಲ್ಲಿ ಹೆಂಗಸರು ನೂರಕ್ಕೆ 5ಕ್ಕಿಂತ ಕಡಿಮೆ. ನಗ್ನ ಚಿತ್ರಗಳಲ್ಲಿ ಹೆಂಗಸರು ನೂರಕ್ಕೆ 85. ಮ್ಯೂಸಿಯಂ ಒಳಗೆ ಹೋಗಬೇಕಾದರೆ ಹೆಂಗಸು ಬಟ್ಟೆ ಬಿಚ್ಚಲೇಬೇಕಾ ಅಂತ ಪೋಸ್ಟರ್ ಮಾಡಿ ಊರ ಬಸ್ಸುಗಳ ಮೇಲೆ ಹಾಕಿಸಿದರು. ಒಂದು ಪೋಸ್ಟರು, ಎರಡು ಅಂಕಿ. ಎಷ್ಟೋ ಪುಸ್ತಕ ಮಾಡಲಾಗದ ಕೆಲಸ ಅದು ಮಾಡಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಫ್ರೆಡ್ ವಿಲ್ಸನ್ ಅವರ ಕೆಲಸ. 1992ರಲ್ಲಿ ಬಾಲ್ಟಿಮೋರಿನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿ ಮ್ಯೂಸಿಯಂ ತನ್ನ ಉಗ್ರಾಣವನ್ನು ಅವರಿಗೆ ಬಿಟ್ಟುಕೊಟ್ಟಿತು. ವಿಲ್ಸನ್ ಹೊಸದಾಗಿ ಏನನ್ನೂ ಕಡೆಯಲಿಲ್ಲ, ಬಣ್ಣ ಬಳಿಯಲಿಲ್ಲ. ಒಳಗಿದ್ದ ವಸ್ತುಗಳನ್ನೇ ಬೇರೆ ಥರ ಜೋಡಿಸಿದರು. ಒಂದು ಗಾಜಿನ ಪೆಟ್ಟಿಗೆ. ಒಳಗೆ ಶ್ರೀಮಂತರ ಮನೆಯ ಬೆಳ್ಳಿ ಹೂಜಿ, ಬೆಳ್ಳಿ ಲೋಟ, ನಯವಾದ ಕುಸುರಿ ಕೆಲಸ. ಅವುಗಳ ಮಧ್ಯೆ ಕಬ್ಬಿಣದ ಕಾಲುಬೇಡಿ, ಗುಲಾಮರಿಗೆ ಹಾಕುತ್ತಿದ್ದದ್ದು. ಪಕ್ಕದ ಚೀಟಿಯಲ್ಲಿ ಇಷ್ಟೇ: ‘ಲೋಹದ ಕೆಲಸ, 1793–1880’. ಇನ್ನೊಂದು ಕಡೆ ಹಳೇ ಕಾಲದ ಚಂದದ ಕುರ್ಚಿಗಳು, ಸಭೆಗೆ ಕೂತವರ ಹಾಗೆ ಒಂದೇ ಕಡೆ ಮುಖ ಮಾಡಿವೆ. ಅವುಗಳ ಎದುರಿಗೆ, ಜನರನ್ನು ಕಟ್ಟಿ ಚಾಟಿಯಲ್ಲಿ ಹೊಡೆಯುತ್ತಿದ್ದ ಮರದ ಕಂಬ. ಚೀಟಿ: ‘ಮರಗೆಲಸ’. ಬಾಗಿಲ ಹತ್ತಿರ ಮೂರು ಪೀಠಗಳ ಮೇಲೆ ನೆಪೋಲಿಯನ್‌ನಂಥ ದೊಡ್ಡವರ ತಲೆಗಳು. ಮೂವರಲ್ಲಿ ಒಬ್ಬರೂ ಮೇರಿಲ್ಯಾಂಡಿನವರಲ್ಲ. ಇನ್ನು ಮೂರು ಪೀಠಗಳು ಖಾಲಿ. ಅವುಗಳ ಮೇಲೆ ಮೇರಿಲ್ಯಾಂಡಿನಲ್ಲೇ ಹುಟ್ಟಿದ ಮೂವರು ಕಪ್ಪು ಜನರ ಹೆಸರು ಮಾತ್ರ: ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್‌ಮನ್ ಮತ್ತು ಫ್ರೆಡರಿಕ್ ಡಗ್ಲಸ್, ಖಗೋಳ ವಿದ್ವಾಂಸ ಬೆಂಜಮಿನ್ ಬ್ಯಾನೆಕರ್. ಅವರ ಪ್ರತಿಮೆ ಆ ಮ್ಯೂಸಿಯಂ ಬಳಿ ಇರಲೇ ಇಲ್ಲ.

ಬೆಳ್ಳಿ ಹೂಜಿಯೂ ಕಾಲುಬೇಡಿಯೂ ಒಂದೇ ಕಾಲದವು, ಒಂದೇ ಸಮಾಜದವು, ಬಹುಶಃ ಒಂದೇ ಥರದ ಮನೆಗಳವು. ಒಂದು ಗಾಜಿನ ಪೆಟ್ಟಿಗೆಯಲ್ಲಿ, ಇನ್ನೊಂದು ಉಗ್ರಾಣದ ಕತ್ತಲಲ್ಲಿ. ವಿಲ್ಸನ್ ಅವನ್ನು ಬರೀ ಪಕ್ಕಪಕ್ಕ ಇಟ್ಟರು. ಇಲ್ಲಿ ಕಲಾವಿದನ ಕೈಚಳಕ ಎಲ್ಲಿದೆ ಅಂತ ಕೇಳುವವರಿಗೆ ನನ್ನ ಉತ್ತರ: ಯಾವುದರ ಪಕ್ಕ ಯಾವುದು ಅನ್ನುವ ಆಯ್ಕೆಯಲ್ಲಿದೆ. ಅದು ಸುಮ್ನೆ ಬರುವುದಲ್ಲ.

ಇನ್ನು ನಮ್ಮ ಕಡೆಗೆ. 1977ರಿಂದ 1980ರವರೆಗೆ ಸಿಂಡಿ ಶರ್ಮನ್ ಅಮೆರಿಕದಲ್ಲಿ ಒಂದು ಫೋಟೋ ಸರಣಿ ಮಾಡಿದ್ದರು. ಇಲ್ಲದ ಸಿನಿಮಾಗಳ ನಾಯಕಿಯಾಗಿ ತಾವೇ ವೇಷ ಹಾಕಿದ್ದರು. ಹೆಣ್ಣು ಹೀಗಿರುತ್ತಾಳೆ ಅಂತ ನಾವು ಅಂದುಕೊಂಡಿರುವುದು ಸಿನಿಮಾ ಕಲಿಸಿಕೊಟ್ಟ ಭಂಗಿಗಳನ್ನೇ ಅಂತ ಆ ಫೋಟೋಗಳು ತೋರಿಸಿದವು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರೂ ಕ್ಯಾಮೆರಾದ ಮುಂದೆ ತಾವೇ ನಿಲ್ಲುತ್ತಾರೆ. ಆದರೆ ಅವರನ್ನು ಭಾರತದ ಸಿಂಡಿ ಶರ್ಮನ್ ಅಂತ ಕರೆಯುವುದು ಅನ್ಯಾಯ. ಅವರ ಸಾಮಗ್ರಿ ಬೇರೆ, ಜಗಳ ಬೇರೆ.

2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಅವರು ದಕ್ಷಿಣ ಭಾರತದ ಹೆಂಗಸರ ಬಗ್ಗೆ ದೊಡ್ಡ ಸರಣಿ ಮಾಡಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿ ಇದ್ದಾಳೆ. ನಮ್ಮ ಅಜ್ಜಿಯರ ದೇವರಮನೆಯಲ್ಲಿ, ಕ್ಯಾಲೆಂಡರಿನಲ್ಲಿ ಇರುವ ಅದೇ ಲಕ್ಷ್ಮಿ. ತಾವರೆಯ ಮೇಲೆ ನಿಂತವಳು. ಆದರೆ ಇಲ್ಲಿ ನಿಂತಿರುವುದು ಪುಷ್ಪಮಾಲಾ. ದೇವತೆಯ ಮುಖದಲ್ಲಿ ಒಬ್ಬ ಹೆಂಗಸಿನ ಕಣ್ಣು, ಚರ್ಮ, ವಯಸ್ಸು. ಹಿಂದಿನ ಕೊಳ ಮತ್ತು ಕಾಡು ಕೈಯಲ್ಲಿ ಬರೆದ ಪರದೆ ಅಂತ ಗೊತ್ತಾಗುತ್ತದೆ. ಇನ್ನೊಂದು ಫೋಟೋದಲ್ಲಿ ಅವರು ಚೌಕುಳಿ ಪರದೆಯ ಮುಂದೆ ನಿಂತಿದ್ದಾರೆ. ಬ್ರಿಟಿಷರು ಬುಡಕಟ್ಟು ಜನರನ್ನು ಅಳತೆ ಮಾಡಿ ದಾಖಲಿಸಲು ಬಳಸುತ್ತಿದ್ದ ಪರದೆ ಅಂಥದ್ದು. ಬಿಜಾಪುರದ ಹಳೇ ಚಿತ್ರದ ಯೋಗಿನಿ ಇದ್ದಾಳೆ, ಸಿನಿಮಾದ ನಾಯಕಿ ಇದ್ದಾಳೆ, ಪೇಪರಿನಲ್ಲಿ ಬಂದ ಪೊಲೀಸ್ ಫೋಟೋದ ಆರೋಪಿ ಹೆಂಗಸರು ಇದ್ದಾರೆ. ದೇವಿ, ‘ಮಾದರಿ’ ಬುಡಕಟ್ಟಿನವಳು, ನಾಯಕಿ, ಕಳ್ಳಿ. ಎಲ್ಲರದೂ ಒಂದೇ ದೇಹ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಫೋಟೋಗಳು ರವಿವರ್ಮನನ್ನು ಹೀಗಳೆಯುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರ ನೋಡಿ ಬೆರಗಾದವರು ನಾವೆಲ್ಲ. ಆ ಬೆರಗು ಈ ಫೋಟೋಗಳಲ್ಲೂ ಇದೆ. ಸೀರೆಯ ನೆರಿಗೆ, ಒಡವೆ, ಬೆಳಕು, ಎಲ್ಲವನ್ನೂ ಅಷ್ಟು ಪ್ರೀತಿಯಿಂದ ಮಾಡಿದ್ದಾರೆ. ಪ್ರೀತಿಸುತ್ತಲೇ, ಈ ರೂಪವನ್ನು ಲಕ್ಷ್ಮಿ ಅಂತ ನಮ್ಮ ಕಣ್ಣಿಗೆ ಕೂರಿಸಿದ್ದು ಯಾರು ಅಂತ ಕೇಳುತ್ತಾರೆ. ಒಬ್ಬ ಚಿತ್ರಕಾರ ಮತ್ತು ಒಂದು ಅಚ್ಚುಕೂಟ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಪ್ರೆಸ್ಸು ಅದು.

ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಹಿಡಿದಿದ್ದು ಬೇರೆ ದಾರಿ. ಬೆಂಗಳೂರಿನ ಕೆನ್ ಕಲಾ ಶಾಲೆ, ಬರೋಡಾ, ಶಾಂತಿನಿಕೇತನ, ಲಂಡನ್ ಎಲ್ಲ ಕಡೆ ಚಿತ್ರಕಲೆ ಕಲಿತವರು. 1990ರ ದಶಕದ ಶುರುವಿನಲ್ಲಿ ದೇಶ ಗಲಭೆಯಲ್ಲಿ ಬೇಯುತ್ತಿದ್ದಾಗ ಎಣ್ಣೆ ಬಣ್ಣ ಬಿಟ್ಟು ಸಗಣಿ ಕೈಗೆತ್ತಿಕೊಂಡರು. ಸಗಣಿ ಅಂದರೆ ಬೆರಣಿ, ಸಾರಣೆ, ಪೂಜೆ, ಹೆಂಗಸರ ದಿನನಿತ್ಯದ ಕೆಲಸ, ಜೊತೆಗೆ ರಾಜಕೀಯ. ಅಷ್ಟೂ ಅರ್ಥ ಆ ವಸ್ತುವಿನಲ್ಲೇ ಇದೆ. 1998ರ ಅವರ ಕೃತಿಯಲ್ಲಿ ನೂರಾರು ಮೀಟರ್ ದಾರ ಇದೆ. ಸೂಜಿಗಳ ಕಣ್ಣಿನಲ್ಲಿ ಪೋಣಿಸಿದ ಎಳೆಗಳನ್ನು ಒಟ್ಟು ಮಾಡಿ, ಅಂಟು ಮತ್ತು ಕುಂಕುಮ ಸವರಿ, ಹಗ್ಗದ ಹಾಗೆ ಮಾಡಿದ್ದಾರೆ. ಕೆಂಪು ಹಗ್ಗ ಗೋಡೆಯ ಮೇಲೆ, ನೆಲದ ಮೇಲೆ ಕರುಳಿನ ಥರ ಸುರುಳಿ ಸುತ್ತಿ ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ನೋಡಿದರೆ ಗಾಳಿಯಲ್ಲಿ ಎಳೆದ ಗೆರೆ. ಹತ್ತಿರ ಹೋದರೆ ಒಂದೊಂದು ಎಳೆಯನ್ನೂ ಕೂತು ಪೋಣಿಸಿದ ಶ್ರಮ ಕಾಣುತ್ತದೆ. ಈ ಕಲೆಯಲ್ಲಿ ಕೌಶಲ ಇಲ್ಲ ಅನ್ನುವವರು ಆ ಸೂಜಿಗಳ ಮುಂದೆ ಐದು ನಿಮಿಷ ನಿಲ್ಲಬೇಕು.

ಕಲಾವಿದ ಯಾರು ಅನ್ನುವ ಗಡಿಯೂ ಅಲುಗಾಡಿತು. 1982ರಲ್ಲಿ ಭೋಪಾಲದಲ್ಲಿ ಭಾರತ್ ಭವನ ಶುರುವಾದಾಗ ಚಿತ್ರಕಾರ ಜೆ. ಸ್ವಾಮಿನಾಥನ್ ಆದಿವಾಸಿಗಳ ಕಲೆಯನ್ನೂ ನಗರದ ಕಲಾವಿದರ ಕಲೆಯನ್ನೂ ಒಂದೇ ಸೂರಿನಡಿ, ಒಂದೇ ಗೌರವದಲ್ಲಿ ಇಟ್ಟರು. ಹಳ್ಳಿಯಿಂದ ಬಂದ ಗೊಂಡ ಸಮುದಾಯದ ತರುಣ ಜನಗಢ ಸಿಂಗ್ ಶ್ಯಾಮ್ ಅಲ್ಲಿಂದ ಬೆಳೆದರು. 1989ರಲ್ಲಿ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ದೊಡ್ಡ ಪ್ರದರ್ಶನದಲ್ಲಿ ಪಶ್ಚಿಮದ ಹೆಸರಾಂತ ಕಲಾವಿದರ ಜೊತೆ ಅವರ ಚಿತ್ರವೂ ಇತ್ತು. ವಾರ್ಲಿ ಸಮುದಾಯದ ಜಿವ್ಯಾ ಸೋಮಾ ಮಶೆ, ಮಿಥಿಲೆಯ ಬೌಆ ದೇವಿ ಅವರದೂ ಇತ್ತು. ಅಲ್ಲಿಯವರೆಗೆ ಇಂಥ ಚಿತ್ರಗಳು ಹೆಚ್ಚಾಗಿ ಹೋಗುತ್ತಿದ್ದದ್ದು ಜನಾಂಗ ಅಧ್ಯಯನದ ಮ್ಯೂಸಿಯಂಗೆ, ಬರೆದವರ ಹೆಸರಿಲ್ಲದೆ. ಇದು ದೊಡ್ಡ ಹೆಜ್ಜೆ. ಆದರೂ ಆ ಪ್ರದರ್ಶನ ಎಲ್ಲರನ್ನೂ ‘ಭೂಮಿಯ ಮಾಂತ್ರಿಕರು’ ಅಂತ ಕರೆದದ್ದನ್ನು ಹಲವರು ಒಪ್ಪಲಿಲ್ಲ, ನಾನೂ ಒಪ್ಪಲ್ಲ. ಆಯ್ಕೆ ಮಾಡುವ ಕೈ ಪ್ಯಾರಿಸ್ಸಿನದೇ ಆಗಿತ್ತು. ಜನಗಢ 2001ರಲ್ಲಿ ಜಪಾನಿನ ಒಂದು ಮ್ಯೂಸಿಯಂನಲ್ಲಿ ಚಿತ್ರ ಬರೆಯಲು ಹೋದವರು ಅಲ್ಲೇ ಪ್ರಾಣ ಕಳೆದುಕೊಂಡರು. ಗೋಡೆಯ ಮೇಲೆ ಸಮಾನ ಜಾಗ ಸಿಕ್ಕಿತು. ಬದುಕಿನಲ್ಲಿ ಸಿಗಲಿಲ್ಲ.

ದುಡ್ಡಿನ ಮಾತು ಬಿಟ್ಟು ಹೋಗುವ ಹಾಗಿಲ್ಲ. ಮಾರುಕಟ್ಟೆಯನ್ನು ಪ್ರಶ್ನಿಸಿದ ಕಲೆಯನ್ನೇ ಮಾರುಕಟ್ಟೆ ತುಂಬಾ ಇಷ್ಟಪಟ್ಟಿತು. ಜೆಫ್ ಕೂನ್ಸ್ ಅವರ ಸ್ಟೀಲಿನ ಮೊಲ, 1986ರದ್ದು, 2019ರಲ್ಲಿ 9 ಕೋಟಿ 11 ಲಕ್ಷ ಡಾಲರಿಗೆ ಹೋಯಿತು. ಗೋಡೆಗೆ ಟೇಪಿನಲ್ಲಿ ಅಂಟಿಸಿದ ಮೌರಿಜಿಯೊ ಕ್ಯಾಟೆಲಾನ್ ಅವರ ಬಾಳೆಹಣ್ಣು 2024ರಲ್ಲಿ 62 ಲಕ್ಷ ಡಾಲರಿಗೆ ಹರಾಜಾಯಿತು. ಆ ಹಣ್ಣನ್ನು ತಂದಿದ್ದು ಹರಾಜು ಕೇಂದ್ರದ ಹೊರಗಿನ ಗಾಡಿಯಿಂದ. ಮಾರಿದವರು ಬಾಂಗ್ಲಾದೇಶದಿಂದ ವಲಸೆ ಬಂದ ಹಿರಿಯರು, ಕೂಲಿಗೆ ದುಡಿಯುವವರು. ಬೆಲೆ 35 ಸೆಂಟು. ಆಮೇಲೆ ಅದು ಎಷ್ಟಕ್ಕೆ ಹೋಯಿತು ಅಂತ ಪತ್ರಕರ್ತರು ಹೇಳಿದಾಗ ಅವರು ಅತ್ತರಂತೆ. ಬಾಳೆಹಣ್ಣನ್ನು ಕಲೆ ಅಂತ ಒಪ್ಪಲು ನನಗೆ ಕಷ್ಟವಿಲ್ಲ. ಆ ಕೃತಿ ಮಾರುಕಟ್ಟೆಯ ಹುಚ್ಚನ್ನು ತೋರಿಸುತ್ತದೆ ಅಂತಲೂ ವಾದಿಸಬಹುದು. ಆದರೆ ಹುಚ್ಚನ್ನು ತೋರಿಸಿ ಅದೇ ಹುಚ್ಚಿನಿಂದ ಲಾಭ ಪಡೆಯುವುದು 2024ರ ಹೊತ್ತಿಗೆ ಬಹಳ ಸವೆದ ದಾರಿ. ವಿಲ್ಸನ್ ಅವರ ಕಾಲುಬೇಡಿಯ ಮುಂದೆ ನನಗೆ ಅದು ಬಡವಾಗಿ ಕಾಣುತ್ತದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: “ಸರ್, ಹಾಗಾದ್ರೆ ಬೇರೆಯವರ ಚಿತ್ರ ತಗೊಂಡು ನಾವು ಏನು ಬೇಕಾದ್ರೂ ಮಾಡಬಹುದಾ?” ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಇನ್ನೊಮ್ಮೆ ವಾರ್ಹೋಲ್ ಹತ್ತಿರ ಹೋದೆವು.

1981ರಲ್ಲಿ ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ ಗಾಯಕ ಪ್ರಿನ್ಸ್ ಅವರ ಫೋಟೋ ತೆಗೆದಿದ್ದರು. 1984ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ ಆ ಫೋಟೋ ಆಧರಿಸಿ ಚಿತ್ರ ಮಾಡಿಸಲು ಒಂದು ಸಲದ ಅನುಮತಿ ಪಡೆಯಿತು. ಚಿತ್ರ ಮಾಡಿದ್ದು ವಾರ್ಹೋಲ್. ಗೋಲ್ಡ್‌ಸ್ಮಿತ್ ಅವರಿಗೆ 400 ಡಾಲರ್ ಕೊಟ್ಟರು, ಪತ್ರಿಕೆಯಲ್ಲಿ ಹೆಸರೂ ಹಾಕಿದರು. ವಾರ್ಹೋಲ್ ಅದೇ ಫೋಟೋದಿಂದ ಇನ್ನೂ ಹಲವು ಚಿತ್ರ ಮಾಡಿಟ್ಟುಕೊಂಡಿದ್ದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಪತ್ರಿಕೆಯ ಮಾಲೀಕ ಸಂಸ್ಥೆ ಅವುಗಳಲ್ಲಿ ಒಂದನ್ನು ಮುಖಪುಟಕ್ಕೆ ಬಳಸಿ, ವಾರ್ಹೋಲ್ ಕೃತಿಗಳ ಹಕ್ಕು ಹೊಂದಿದ್ದ ವಾರ್ಹೋಲ್ ಫೌಂಡೇಶನ್ನಿಗೆ 10,000 ಡಾಲರ್ ಕೊಟ್ಟಿತು. ಫೋಟೋ ತೆಗೆದವರಿಗೆ ದುಡ್ಡೂ ಇಲ್ಲ, ಹೆಸರೂ ಇಲ್ಲ. ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರಲ್ಲಿ ಏಳು ನ್ಯಾಯಮೂರ್ತಿಗಳು ಗೋಲ್ಡ್‌ಸ್ಮಿತ್ ಪರ ನಿಂತರು, ಇಬ್ಬರು ವಿರುದ್ಧ. ಇದರಿಂದ ಕಲೆ ಬಡವಾಗುತ್ತದೆ ಅಂತ ಆ ಇಬ್ಬರು ಕಟುವಾಗಿಯೇ ಬರೆದರು.

ನಾನು ಆ ಹುಡುಗಿಗೆ ಹೇಳಿದ್ದು: ತಗೊಳ್ಳಮ್ಮಾ, ಖಂಡಿತ ತಗೋ. ಪುಷ್ಪಮಾಲಾ ತಗೊಂಡಿದ್ದಾರೆ, ಎಲ್ಲಿಂದ ತಗೊಂಡೆ ಅಂತ ಕೃತಿಯ ಹೆಸರಲ್ಲೇ ಹೇಳಿದ್ದಾರೆ. ನೀನು ತಗೊಳ್ಳುತ್ತಿರುವುದು ಬದುಕಿರುವ ಒಬ್ಬರ ದುಡಿಮೆ ಆದರೆ ಮೊದಲು ಹೋಗಿ ಅವರನ್ನು ಕೇಳು. ಅದರಿಂದ ದುಡ್ಡು ಬಂದರೆ ಅವರ ಪಾಲು ಕೊಡು. ಜೇಮ್ಸ್ ಹಾರ್ವಿಗೆ ಸಿಗದೇ ಹೋದದ್ದು ಅದೇ.